ಇಪ್ಪತ್ತಾರು ಅಕ್ಷರದ ಜಾಗ

ಟಿವಿಗೆ ಸಿಕ್ಕಿಸಿ ಬಳಸುವ ಪುಟ್ಟ ಕಂಪ್ಯೂಟರುಗಳು ಮನೆಮನೆಗೆ ಬಂದ ಹೊಸತರಲ್ಲಿ, ಅವಕ್ಕೆ ಅಪ್ಪಣೆ ಕೊಡುವ ಭಾಷೆ ಬರೆದುಕೊಡುವುದು ಈ ಮಹಾರಾಯನ ಕೆಲಸ. ಜೀವಮಾನದಲ್ಲಿ ನಾಲ್ಕು ಭಾಷೆ ಹುಟ್ಟಿಸಿದ. ಮನೆಯಲ್ಲಿ ಮಾತ್ರ 'ಹೂಂ', 'ಊಹೂಂ' ಎರಡರಲ್ಲೇ ಸಂಸಾರ ತೂಗಿಸಿದ. ಕಂಪನಿಯವರು ಅವನನ್ನು ಜಿಪುಣ ಎನ್ನುತ್ತಿದ್ದರು. ಇಡೀ ಭಾಷೆ ಎಂಟು ಸಾವಿರ ಚಿಲ್ಲರೆ ಅಕ್ಷರ ಹಿಡಿಸುವ ಒಂದು ಮೆಮೊರಿ ಚಿಪ್ಪಿನೊಳಗೆ ಕೂರಬೇಕು. ಹತ್ತು ಸಾಲಿನ ಕೆಲಸ ಆರು ಸಾಲಿಗೆ ಇಳಿದ ದಿನ ಅವನು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ.

ಮೊದಲ ಭಾಷೆಯನ್ನು ಪರೀಕ್ಷಿಸಲು ಕೂತವಳು ಹೆಂಡತಿ. ಒಂದಕ್ಷರ ಆಚೀಚೆ ಒತ್ತಿದರೂ ಪರದೆಯ ಮೇಲೆ 'ತಪ್ಪು 7' ಎಂದು ಬರುತ್ತಿತ್ತು. ಏಳೆಂದರೇನು ಎಂದು ತಿಳಿಯಲು ಅವನ ಪಟ್ಟಿ ನೋಡಬೇಕು. ನಾಲ್ಕನೆಯ ಸಲಕ್ಕೆ ಅವಳು ಎದ್ದೇಬಿಟ್ಟಳು.

"ಬರೀ ತಪ್ಪು ತಪ್ಪು ಅಂತಿದ್ರೆ ಯಾರ್ರೀ ಇದರ ಮುಂದೆ ಕೂತ್ಕೋತಾರೆ? ಅರ್ಥ ಆಗ್ಲಿಲ್ಲ ಅಂತ ಮರ್ಯಾದೆಯಾಗಿ ಹೇಳೋಕಾಗಲ್ವಾ ಅದಕ್ಕೆ?"

ಮಾತು ನಾಟಿತು. 'ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ?' ಎಂದು ಬರೆದ. ಈ ಒಂದು ಸಾಲಿನಿಂದ ಚಿಪ್ಪು ತುಂಬಿ ಇಪ್ಪತ್ತಾರು ಅಕ್ಷರ ಹೊರಗುಳಿದವು. ಸೋಮವಾರ ಭಾಷೆ ಚಿಪ್ಪು ತಯಾರಿಸುವ ಕಾರ್ಖಾನೆಗೆ ಹೋಗಬೇಕು. ಅಲ್ಲಿ ಅಚ್ಚಾದರೆ ಆಮೇಲೆ ಬ್ರಹ್ಮ ಬಂದರೂ ತಿದ್ದಲಾರ.

ಮೂರು ದಿನ ತಡಕಾಡಿದ. ತೆಗೆಯಲು ಉಳಿದದ್ದು ಒಂದೇ: ಯಂತ್ರ ಚಾಲೂ ಮಾಡಿದೊಡನೆ ಮೂಡುವ ಅವನ ಹೆಸರು, ಅಪ್ಪನ ಹೆಸರಿನ ಸಮೇತ. ಅದನ್ನು ಹಾಕಿಸಲು ಕಂಪನಿಯವರ ಕೈಕಾಲು ಹಿಡಿದಿದ್ದ. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿ ನಿವೃತ್ತರಾಗಿದ್ದ ಅಪ್ಪ, ಮಗ ಬಾಗಿಲು ಹಾಕಿಕೊಂಡು ಆಟವಾಡುತ್ತಾನೆಂದೇ ತಿಳಿದಿದ್ದರು. ಕಂಪ್ಯೂಟರು ಅಂಗಡಿಗೆ ಬಂದ ದಿನ ಹೆಸರು ತೋರಿಸುತ್ತೇನೆಂದು ಮಗ ಮಾತು ಕೊಟ್ಟಿದ್ದ. ಅಪ್ಪ ಆಗಲೇ ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು.

ಭಾನುವಾರ ಸಂಜೆ ಹೆಸರು ಅಳಿಸಿದ. ಎರಡು ಅಕ್ಷರದ ಜಾಗ ಮಿಕ್ಕಿತು. ಜಿಪುಣನಿಗೆ ಅದೂ ಖುಷಿ ಕೊಡಲಿಲ್ಲ. ಅಪ್ಪನಿಗೆ ಹೇಳುವ ಧೈರ್ಯವಂತೂ ಬರಲೇ ಇಲ್ಲ.

ಅಂಗಡಿಯಲ್ಲಿ ಅಪ್ಪ ಕನ್ನಡಕ ಏರಿಸಿ ಪರದೆಯ ಮೂಲೆಮೂಲೆ ಹುಡುಕಿದರು. ಮಗ ನೆಲ ನೋಡುತ್ತ, ಜಾಗ ಸಾಲಲಿಲ್ಲ, ತೆಗೆದುಬಿಟ್ಟೆ ಎಂದು ಗೊಣಗಿದ. ಅಪ್ಪ ಕುರ್ಚಿ ಎಳೆದುಕೊಂಡು ಒಂದೇ ಬೆರಳಲ್ಲಿ ಏನೋ ಒತ್ತಿದರು. ತನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ ಎಂದಿತು ಯಂತ್ರ. ಮತ್ತೆ ಒತ್ತಿದರು, ಮತ್ತೆ ಅದೇ ವಿನಯ. ಹೀಗೇ ಒಂಬತ್ತು ಸಲ. ಅಂಗಡಿಯವನಿಗೆ ಬೇಸರ ಬಂತು, ಯಂತ್ರಕ್ಕೆ ಬರಲಿಲ್ಲ. ಹತ್ತನೆಯ ಸಲಕ್ಕೆ ಎರಡಕ್ಕೆ ಎರಡು ಕೂಡಿಸಿ ನಾಲ್ಕು ಎಂದು ತೋರಿಸಿತು.

ಅಪ್ಪ ಮಗನನ್ನು ನೋಡದೆ ಅಂಗಡಿಯವನತ್ತ ತಿರುಗಿದರು.

"ಒಂಬತ್ತು ಸಲ ತಪ್ಪು ಮಾಡಿದೆ ನೋಡಪ್ಪ, ಒಂದ್ಸಲಾನೂ ಬೈಲಿಲ್ಲ. ಇವನಿಗೆ ಲೆಕ್ಕ ಹೇಳಿಕೊಡೋವಾಗ ನಾನು ಎರಡನೇ ಸಲಕ್ಕೇ ಬಾರಿಸ್ತಿದ್ದೆ."