ರೋಸಕ್ಕನ ಬಿಳಿ ದಾರ

ರೋಸಕ್ಕ ಭರಣಿಗೆ ಕಿವಿ ಇಟ್ಟು ವೈನ್ ಕೇಳುತ್ತಿದ್ದಳು. ಮೂಗಿಗೆ ಹಿಡಿದು ನೋಡುವವರನ್ನು, ನಾಲಿಗೆಗೆ ಹಚ್ಚಿ ನೋಡುವವರನ್ನು ಆಮೇಲೆ ಟಿವಿಯಲ್ಲಿ ಕಂಡಿದ್ದೇನೆ. ಕಿವಿ ಇಟ್ಟವಳು ಇವಳೊಬ್ಬಳೇ. ಅರಸೀಕೆರೆ ರೈಲ್ವೆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಯ ಮನೆ. ಅಡುಗೆಮನೆಯ ಮೂಲೆಯಲ್ಲಿ ಗೋಣಿತಾಟು ಸುತ್ತಿದ ಮೂರು ಭರಣಿ. ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಕಿವಿಯ ಓಲೆ ಭರಣಿಗೆ ತಾಗಿ ಟಿಣ್ಣನ್ನುವ ಹಾಗೆ ತಲೆ ವಾಲಿಸಿ ಕೇಳುತ್ತಿದ್ದಳು.

"ಇನ್ನೂ ಮಾತಾಡ್ತೈತೆ ಕಣೇ ಜಯಾ. ಮಾತಾಡ್ತಿರೋದನ್ನ ಸೋಸ್ಬಾರ್ದು. ಸುಮ್ಕಾಗ್ಲಿ, ಆಮೇಲೆ ಸೋಸಾಣ."

ನಾನೂ ಒಮ್ಮೆ ಕಿವಿ ಇಟ್ಟೆ. ಒಳಗೆ ಯಾರೋ ಬಹಳ ದೂರದಲ್ಲಿ ಸಾಸಿವೆ ಸಿಡಿಸುತ್ತಿರುವಂತೆ ಸಣ್ಣ ಸದ್ದು.

ಇದನ್ನೆಲ್ಲ ಈಗ ಬರೆಯಲು ಕಾರಣವಾದವಳು ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ಮಗಳ ಮಗಳು, ಮೂರು ತಿಂಗಳು. ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದೆಲ್ಲ ದಿನಸಿ ಚೀಟಿ. ಈ ಕೂಸು ಬಂದ ದಿನದಿಂದ ಸಂತೋಷ ಮೈಯಲ್ಲಿ ಹಿಡಿಸುತ್ತಿಲ್ಲ. ಬೀದಿಯಲ್ಲಿ ಹೋಗುವವರನ್ನು ಕರೆದು ತೋರಿಸುತ್ತೇನೆ, ಕೇಳದಿದ್ದರೂ ಅದರ ಹೆಬ್ಬೆರಳು ಅಜ್ಜನ ಹಾಗೇ ಇದೆ ಎನ್ನುತ್ತೇನೆ. ಆದರೆ ಭರಣಿ ಅಲುಗಿದರೆ ತಳದ ಗಸಿಯೂ ಮೇಲೆ ಬರುತ್ತದೆ ಎಂದು ರೋಸಕ್ಕ ಹೇಳುತ್ತಿದ್ದಳು. ಹಾಗೇ ಆಗಿದೆ ನನಗೆ.

ರೋಸಕ್ಕನ ಗಂಡ ಗೂಡ್ಸ್ ಗಾಡಿಯ ಗಾರ್ಡು. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಹಾಸನದ ಕಡೆಯ ಕ್ರಿಸ್ತುವರು. ದ್ರಾಕ್ಷಿ, ನೇರಳೆ, ಶುಂಠಿ, ಬೆಟ್ಟದ ನೆಲ್ಲಿ, ಕಾಲಕ್ಕೆ ಏನು ಸಿಕ್ಕರೆ ಅದರಲ್ಲಿ ವೈನ್ ಮಾಡುವುದನ್ನು ಅವ್ವನಿಂದ ಕಲಿತಿದ್ದಳು. ಅರಸೀಕೆರೆಯಲ್ಲಿ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತಿದ್ದ ಕಾಲ ಅದು. ಅವಳ ಹೊಲಿಗೆ ಮಿಷನ್ನಿನ ಸುತ್ತ ನಾವು ಮೂವರು ಗೆಳತಿಯರಾದೆವು. ನಾನೊಬ್ಬಳು. ಬಾಣಾವರದ ಸ್ಕೂಲಿನ ಸುಜಾತ ಟೀಚರ್ ಒಬ್ಬರು. ಇನ್ನೊಬ್ಬರು ಪದ್ಮಕ್ಕನವರು, ಹಳೇಬೀಡಿನ ಜೈನರು. ಅವರ ಯಜಮಾನರ ಕೊಬ್ಬರಿ ಮಂಡಿ ಅರಸೀಕೆರೆಯಲ್ಲಿತ್ತು. ನನ್ನ ಗಂಡ ಆ ಮಂಡಿಯಲ್ಲಿ ತೂಕದ ಕೆಲಸದಲ್ಲಿದ್ದರು. ಅದಕ್ಕೇ ರೋಸಕ್ಕ ನನಗೆ 'ನೀನು'. ಪದ್ಮಕ್ಕ ಮಾತ್ರ ಯಾವತ್ತೂ 'ನೀವು'.

ಎರಡು ತಿಂಗಳಿಗೊಮ್ಮೆ ಭಾನುವಾರ ಬುತ್ತಿ ಸೇರಿಸುತ್ತಿದ್ದೆವು. ಒಬ್ಬೊಬ್ಬರದು ಒಂದೊಂದು ಅಡುಗೆ, ಯಾರದಾದರೂ ಒಬ್ಬರ ಮನೆ. ರೋಸಕ್ಕ ಅಡುಗೆ ತರುತ್ತಿರಲಿಲ್ಲ, ಬಾಟಲಿ ತರುತ್ತಿದ್ದಳು. ನಮ್ಮ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು, ಚಿಟಿಕೆ ಬಾಯಿಗೆ ಹಾಕಿ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿರುತ್ತಿದ್ದ ಅಂಗುಸ್ತಾನದಿಂದ ಲೋಟಕ್ಕೆ ಟಕಟಕ ಬಡಿದು ಯೋಚಿಸುತ್ತಿದ್ದಳು. ಹೋಳಿಗೆಗೆ ಶುಂಠಿಯದು. ಕಾಳುಸಾರಿಗೆ ನೇರಳೆಯದು. ನನ್ನ ಹುಚ್ಚೆಳ್ಳು ಚಟ್ನಿ ಕಂಡರೆ ಕಪ್ಪು ದ್ರಾಕ್ಷಿಯ ಸಿಹಿ ವೈನೇ ಆಗಬೇಕು. "ಕಹಿ ಇರೋ ಕಡೆ ಸಿಹೀನ ಪಕ್ಕದಾಗೆ ಕೂರಿಸ್ಬೇಕು. ಮೇಲೆ ಸುರಿದ್ರೆ ಎರಡೂ ಕೆಡ್ತವೆ," ಎನ್ನುತ್ತಿದ್ದಳು.

ಟೀಚರ್ ಒಮ್ಮೆ ಕೆಣಕಿದರು. "ಊಟ ಗಂಡ, ವೈನು ಹೆಂಡ್ತಿ ಅನ್ನು ರೋಸಿ."

"ಅಯ್ಯೋ ಬೇಡಮ್ಮ. ವೈನು ಪಕ್ಕದ್ಮನೆಯೋಳು. ಬರ್ಬೇಕು, ನಾಕು ಮಾತಾಡ್ಬೇಕು, ಎದ್ದು ಹೋಗ್ಬೇಕು. ಅಲ್ಲೇ ಕೂತ್ರೆ ಸಂಸಾರ ಕೆಡ್ತದೆ."

ಮೊದಲ ಸಲ ನಾನು ಲೋಟ ಮುಟ್ಟಿರಲಿಲ್ಲ. ಕುಡಿದು ಬಂದ ಗಂಡಸರ ಕೈಯಲ್ಲಿ ಏಟು ತಿಂದ ಹೆಂಗಸರನ್ನು ನೋಡಿಯೇ ಬೆಳೆದವಳು ನಾನು. ರೋಸಕ್ಕ ಒತ್ತಾಯ ಮಾಡಲಿಲ್ಲ. ಒಂದು ಗುಟುಕಿನಷ್ಟು ಹಾಕಿ ಮುಂದಿಟ್ಟು, "ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ನಲವತ್ತು ದಿನ. ಅಷ್ಟೇ ಇರೋದು ಇದ್ರಾಗೆ. ಕುಡಿಯೋದು ಬಿಡೋದು ನಿಂಗೆ ಬಿಟ್ಟಿದ್ದು. ಆದ್ರೆ ಲೋಟದಾಗೆ ಏನೈತೆ ಅಂತ ಕುಡಿಯೋರಿಗೆ ಗೊತ್ತಿರ್ಬೇಕು," ಎಂದಳು. ಯಾರಿಗೆ ಬಗ್ಗಿಸುವಾಗಲೂ ಇದೇ ಮಾತು. ಅವಳ ಮನೆಯ ಕಾನೂನು ಅದೊಂದೇ.

ಪದ್ಮಕ್ಕನವರದು ಕಟ್ಟುನಿಟ್ಟಿನ ವ್ರತ. ಹುಳಿಬಂದದ್ದು ಮುಟ್ಟುವಂತಿಲ್ಲ, ಹೊತ್ತು ಮುಳುಗಿದ ಮೇಲೆ ತಿನ್ನುವಂತಿಲ್ಲ. ಅವರಿಗಾಗಿಯೇ ನಮ್ಮ ಊಟ ಸಂಜೆ ನಾಲ್ಕಕ್ಕೆ. ನಮಗೆಲ್ಲ ಬಡಿಸಿ, ತಾವು ಮಾತ್ರ ತಮ್ಮ ಡಬ್ಬಿಯದನ್ನೇ ಉಣ್ಣುತ್ತಿದ್ದರು. ಬೇರೆಯವರ ಕೈಯಿಂದ ಅವರು ತೆಗೆದುಕೊಳ್ಳುತ್ತಿದ್ದದ್ದು ಒಂದೇ ಒಂದು. ರೋಸಕ್ಕ ಅವರಿಗೆಂದೇ ಅಂದು ಬೆಳಿಗ್ಗೆ ಸೋಸಿದ ನೀರಲ್ಲಿ ಕುದಿಸಿ ತರುತ್ತಿದ್ದ ದ್ರಾಕ್ಷಿಯ ರಸ. ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು. ಬಣ್ಣ ವೈನಿನದೇ ಆದ್ದರಿಂದ ಆ ಬಾಟಲಿಯ ಕತ್ತಿಗೆ ಹೊಲಿಗೆಯ ಬಿಳಿ ದಾರವನ್ನು ಇಪ್ಪತ್ತು ಸುತ್ತು ಸುತ್ತುತ್ತಿದ್ದಳು. ವೈನ್ ಬಾಟಲಿಗೆ ದಾರವಿಲ್ಲ. ಮೂರು ವರ್ಷ ಹಾಗೇ ನಡೆಯಿತು. ಬ್ರಾಹ್ಮಣರ ಮನೆಯಲ್ಲೂ ನೀರು ಮುಟ್ಟದ ಪದ್ಮಕ್ಕ ರೋಸಮ್ಮನ ಕೈಯಲ್ಲಿ ಕುಡಿಯುತ್ತಾರೆ ಎಂದು ಊರಲ್ಲಿ ಆಶ್ಚರ್ಯಪಟ್ಟುಕೊಂಡವರಿದ್ದರು. ರೋಸಕ್ಕನಿಗೆ ಅದು ಬಂಗಾರದ ಪದಕವಿದ್ದಂತೆ.

ಆ ಭಾನುವಾರ ಊಟ ಹಳೇಬೀಡಿನಲ್ಲಿ, ಪದ್ಮಕ್ಕನವರ ದೊಡ್ಡಮನೆಯಲ್ಲಿ. ರೋಸಕ್ಕ ಬೆಳಿಗ್ಗೆಯೇ ಮದುವೆಮನೆಯ ರವಿಕೆಗಳನ್ನು ಕೊಟ್ಟುಬರಲು ಬೇಲೂರಿಗೆ ಹೊರಟಿದ್ದಳು. "ಅಲ್ಲಿಂದ ಹಂಗೇ ಹಳೇಬೀಡಿಗೆ ಬತ್ತೀನಿ. ಬುಟ್ಟಿ ನೀನು ತಾ. ಬಿಳಿ ದಾರದ್ದು ಪದ್ಮಕ್ಕಂದು, ಮರೀಬೇಡ," ಎಂದು ಎರಡು ಬಾಟಲಿ ನನ್ನ ಕೈಗಿತ್ತಳು.

ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಕಿಟಕಿಗೆ ಕನಕಾಂಬರ ಬಂತು, ಬಿಡಿ ಹೂವು. ದೊಡ್ಡವರ ಮನೆಗೆ ಬರೀ ತಲೆಯಲ್ಲಿ ಹೋಗುವುದೇ ಎಂದು ಒಂದು ಬೊಗಸೆ ತೆಗೆದುಕೊಂಡೆ. ಕಟ್ಟಲು ದಾರವಿರಲಿಲ್ಲ. ಬುಟ್ಟಿಯಲ್ಲಿ ಇತ್ತು. ಬಾಟಲಿಯದನ್ನು ಬಿಚ್ಚಿ ಹೂವು ಕಟ್ಟಿ ಮುಡಿದೆ. ಉಳಿದ ಗೇಣುದ್ದವನ್ನು ಇಳಿಯುವಾಗ ವಾಪಸು ಕಟ್ಟಿದರಾಯಿತು ಎಂದುಕೊಂಡೆ. ಎಡಗಡೆ ಇದ್ದದ್ದು ಪದ್ಮಕ್ಕನವರದು ಎಂಬುದು ನೆನಪಿತ್ತು. ಆದರೆ ನಡುವೆ ಯಾರಿಗೋ ಜಾಗ ಬಿಡಲು ಬುಟ್ಟಿಯನ್ನು ಎತ್ತಿ ಕಾಲಸಂದಿಗೆ ಇಟ್ಟುಕೊಂಡಿದ್ದೆ. ಹಿಂದುಮುಂದಾಗಿ ಇಟ್ಟಿರಬೇಕು. ಹಳೇಬೀಡಿನ ಸ್ಟ್ಯಾಂಡಿನಲ್ಲಿ ಎಡಗಡೆಯದಕ್ಕೇ ದಾರ ಕಟ್ಟಿದೆ. ಕಟ್ಟುವಾಗ ಒಂದು ಗಳಿಗೆ ಅನುಮಾನ ಬಂತು. ಇಲ್ಲ ಎನ್ನಲಾರೆ, ಬಂತು. ಬಿರಡೆ ತೆಗೆದು ಮೂಸಿ ನೋಡಿದ್ದರೆ ಮುಗಿಯುತ್ತಿತ್ತು. ಟೀಚರ್ ಸ್ಟ್ಯಾಂಡಿನ ಗೇಟಿನಿಂದ ಕೈಬೀಸಿ ಕರೆದರು, ನಡೆದೆ.

ಮಾವಿನಮರದ ಕೆಳಗೆ ಚಾಪೆ. ನನ್ನ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಟೀಚರ್ ತಂದ ಈರುಳ್ಳಿ ಇಲ್ಲದ ಚಿತ್ರಾನ್ನ. ಪದ್ಮಕ್ಕನವರ ಹೋಳಿಗೆ. ರೋಸಕ್ಕ ಬೇಲೂರಿನಿಂದ ಬಂದವಳೇ ಕೈತೊಳೆದು, ಬಿಳಿ ದಾರ ನೋಡಿಕೊಂಡು ಪದ್ಮಕ್ಕನವರ ಬೆಳ್ಳಿ ಲೋಟಕ್ಕೆ ಬಗ್ಗಿಸಿದಳು. "ರಸ, ಬೆಲ್ಲ, ಸೋಸಿದ ನೀರು. ಅಷ್ಟೇ ಇರೋದು ಪದ್ಮಕ್ಕ." ಆಮೇಲೆ ನಮಗೆ.

ಪದ್ಮಕ್ಕ ಅರ್ಧ ಲೋಟ ಕುಡಿದರು. "ಈ ಸಲ ಏನೋ ಬೇರೆ ಥರ ಚೆನ್ನಾಗಿದೆ ರೋಸಮ್ಮ. ಲವಂಗ ಹಾಕಿದ್ಯಾ?"

ರೋಸಕ್ಕ ನಗುತ್ತ ತನ್ನ ಲೋಟ ಎತ್ತಿದಳು. ಒಂದು ಗುಟುಕು. ಅಂಗುಸ್ತಾನದ ಟಕಟಕ ನಿಂತಿತು.

ಅವಳ ಲೋಟದಲ್ಲಿದ್ದದ್ದು ಬರೀ ರಸ. ಅವಳು ಸುಮ್ಮನಿದ್ದಿದ್ದರೆ ಪದ್ಮಕ್ಕನವರಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ವೈನಿನ ರುಚಿ ಹೇಗಿರುತ್ತದೆಂದೇ ಅವರಿಗೆ ತಿಳಿಯದು.

"ಪದ್ಮಕ್ಕ, ಲೋಟ ಕೆಳಗಿಡಿ," ಎಂದಳು. "ಅದ್ರಾಗಿರೋದು ವೈನು."

ಪದ್ಮಕ್ಕ ಲೋಟ ಇಟ್ಟರು. ಎದ್ದು ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸಿದರು, ಮುಕ್ಕಳಿಸುತ್ತಲೇ ಇದ್ದರು. ಅವರ ಅತ್ತೆ ಹೊರಗೆ ಬಂದು ವಿಷಯ ಕೇಳಿ, "ಬೇಕೂಂತ್ಲೇ ಕುಡಿಸಿದಾಳೆ. ನಮ್ಮನ್ನೂ ತನ್ನ ಥರ ಮಾಡ್ಕೊಳ್ಳೋಕೆ," ಎಂದರು. ಪದ್ಮಕ್ಕ ವಾಪಸು ಬಂದು ನಿಂತರು. ಗಲ್ಲದಿಂದ ನೀರು ಇಳಿಯುತ್ತಿತ್ತು. "ನಿನ್ನ ನಂಬಿ ಕುಡಿದೆ ರೋಸಮ್ಮ. ದಾರ ನೋಡಿ ಕುಡಿದೆ."

ಆಗ ರೋಸಕ್ಕ ಬಾಟಲಿಯನ್ನು ಕೈಗೆತ್ತಿಕೊಂಡಳು. ಇಪ್ಪತ್ತು ಸುತ್ತು ಇರಬೇಕಾದ ಕಡೆ ಎರಡೇ ಸುತ್ತು. ಅವಳ ಗಂಟೂ ಅಲ್ಲ. ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಮುಖ ನೋಡಲಿಲ್ಲ, ಜಡೆ ನೋಡಿದಳು. ಕನಕಾಂಬರದ ತುದಿಯಿಂದ ಬಿಳಿ ದಾರ ಬೆರಳುದ್ದ ಹೆಗಲ ಮೇಲೆ ಇಳಿದಿತ್ತು.

ಅವಳು ಎದ್ದು ಬಂದಳು. ಹೂವು ಸರಿಮಾಡುವವಳಂತೆ ನನ್ನ ಹಿಂದೆ ನಿಂತು ಆ ದಾರವನ್ನು ಹೂವಿನೊಳಕ್ಕೆ ಸಿಕ್ಕಿಸಿದಳು. ಆಮೇಲೆ ಪದ್ಮಕ್ಕನವರ ಕಡೆ ತಿರುಗಿ ಹೇಳಿದಳು: "ಬಾಟ್ಲಿ ನನ್ದು, ದಾರ ನನ್ದು. ತಪ್ಪು ನನ್ದೇ ಪದ್ಮಕ್ಕ."

ನಾನು ಬಾಯಿ ತೆರೆದೆ. ಕಣ್ಣ ಮುಂದೆ ಮಂಡಿ ಬಂತು, ತಕ್ಕಡಿಯ ಪಕ್ಕ ನಿಂತ ಗಂಡ ಬಂದರು, ಆರನೇ ಕ್ಲಾಸಿನಲ್ಲಿದ್ದ ಮಗಳು ಬಂದಳು. ಬಾಯಿ ಮುಚ್ಚಿದೆ. ಮುಚ್ಚಿದ್ದು ಮುಚ್ಚಿದ್ದೇ.

ಮಾತು ಹಳೇಬೀಡಿನಿಂದ ಅರಸೀಕೆರೆಗೆ ನಮ್ಮ ಬಸ್ಸಿಗಿಂತ ಮೊದಲೇ ಬಂದಿತ್ತು. ವ್ರತದ ಹೆಂಗಸಿಗೆ ಕುಡಿಸಿ ಕೆಡಿಸಿದವಳು ಎಂದು ಹೆಸರಾಯಿತು. ಮಂಡಿಬೀದಿಯ ಮನೆಗಳಿಂದ ರವಿಕೆ ಬರುವುದು ನಿಂತಿತು, ಹೊಲಿಯಲು ಕೊಟ್ಟಿದ್ದವರು ಅರ್ಧ ಕತ್ತರಿಸಿದ್ದನ್ನೇ ವಾಪಸು ಒಯ್ದರು. ಟೀಚರ್ ಒಬ್ಬರೇ ಹೋಗಿಬಂದು ಮಾಡುತ್ತಿದ್ದರು. "ರೋಸಿ ಅಂಥ ತಪ್ಪು ಮಾಡೋಳಲ್ಲ ಕಣೇ. ಏನೋ ಐತೆ ಇದ್ರಲ್ಲಿ," ಎಂದು ನನ್ನ ಹತ್ತಿರವೇ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ರೋಸಕ್ಕನ ಬೀದಿ ಬಿಟ್ಟು ಸುತ್ತುಹಾಕಿ ತರಕಾರಿಗೆ ಹೋಗುತ್ತಿದ್ದೆ. ಮೈಮೇಲೆ ಅವಳು ಹೊಲಿದ ರವಿಕೆಯೇ ಇರುತ್ತಿತ್ತು, ಬೇರೆ ಇರಲಿಲ್ಲ.

ಮರುವರ್ಷ ಅವಳ ಗಂಡ ಮೈಸೂರಿಗೆ ವರ್ಗ ಕೇಳಿ ತೆಗೆದುಕೊಂಡರು. ಹೊರಡುವ ದಿನ ಸ್ಟೇಷನ್ನಿಗೆ ಹೋದೆ. ಹೇಳಿಬಿಡಬೇಕು ಎಂದು ಮನೆಯಿಂದಲೇ ಮಾತು ಜೋಡಿಸಿಕೊಂಡು ಹೋಗಿದ್ದೆ. ಪ್ಲಾಟ್‌ಫಾರಮ್ಮಿನ ಮೇಲೆ ಮಿಷನ್ನು, ಹಾಸಿಗೆ ಸುರುಳಿ, ಖಾಲಿ ಭರಣಿ ಮೂರು. ಅವಳು ಚೀಲದಿಂದ ಮೇಣ ಹಾಕಿ ಮುಚ್ಚಿದ ಬಾಟಲಿ ತೆಗೆದು ಕೊಟ್ಟಳು.

"ಕಪ್ಪು ದ್ರಾಕ್ಷಿ. ನಿನ್ ಮಗಳು ಮಗು ಹೆತ್ತಾಗ ತೆಗಿ. ಅಲ್ಲೀಗಂಟ ಮುಟ್ಬೇಡ."

"ಅಕ್ಕ, ಅವತ್ತು..." ಎಂದೆ.

"ಹೂವು ಬಾಡಿದ್ಮೇಲೆ ಆ ದಾರ ಏನ್ ಮಾಡ್ದೆ ಜಯಾ?"

"ಬಿಸಾಕ್ದೆ."

"ನಂಗೆ ತಂದ್ಕೊಡ್ತೀಯ ಅಂದ್ಕೊಂಡಿದ್ದೆ," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ವರ್ಷ ಬಾಗ್ಲು ನೋಡ್ದೆ."

ರೈಲು ಬಂತು. ಕಿಟಕಿಯಿಂದ ಅವಳು ಕೈಬೀಸಲಿಲ್ಲ, ಅಂಗುಸ್ತಾನ ಹಾಕಿಕೊಂಡ ಬೆರಳಿನಿಂದ ಕಿಟಕಿಯ ಸರಳಿಗೆ ಎರಡು ಸಲ ಬಡಿದಳು. ಕೈಯಲ್ಲಿದ್ದ ಬಾಟಲಿ ನೋಡಿದೆ. ಅದರ ಕತ್ತಿಗೆ ದಾರವಿರಲಿಲ್ಲ.

ಹನ್ನೆರಡು ವರ್ಷ ಅದು ಅಕ್ಕಿಡಬ್ಬದ ಹಿಂದೆ ಇತ್ತು. ಮೊಮ್ಮಗಳು ಹುಟ್ಟಿದಳು. ಆ ಕೂಸನ್ನು ಮೊದಲ ಸಲ ಎತ್ತಿಕೊಂಡಾಗ ಲೋಕದಲ್ಲಿ ನನಗೆ ಯಾರ ಹೆದರಿಕೆಯೂ ಉಳಿಯಲಿಲ್ಲ. ಗಂಡ ಮಂಡಿ ಬಿಟ್ಟು ಆಗಲೇ ಮೂರು ವರ್ಷವಾಗಿತ್ತು. ಹೆದರಿಕೆ ಹೋಗಲು ಅದೇ ಕಾರಣವೋ ಏನೋ, ನನ್ನನ್ನು ನಾನು ಅಷ್ಟು ನಂಬುವುದಿಲ್ಲ. ನಾಮಕರಣದ ಕರೆಯ ನೆಪ ಮಾಡಿ ಹಳೇಬೀಡಿಗೆ ಹೋದೆ. ಪದ್ಮಕ್ಕನವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಅದೇ ಮಾವಿನಮರದ ಕೆಳಗೆ ಜಾವಗಲ್ಲಿನ ಹೂವಿನಿಂದ ಹಿಡಿದು ಎಲ್ಲ ಹೇಳಿದೆ.

ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಮೂರು ದಿನ ಉಪವಾಸ ಮಾಡಿದೆ, ಅದು ಅಲ್ಲಿಗೆ ಮುಗೀತು. ನೀನು ಅವತ್ತೇ ಹೇಳಿದ್ರೂ ಅದೇ ಮೂರು ದಿನ. ಹದಿಮೂರು ವರ್ಷ ಅವಳನ್ನ ಮನಸ್ಸಲ್ಲೇ ಬೈಕೊಂಡಿದ್ದೀನಲ್ಲ ಜಯಮ್ಮ, ಅದಕ್ಕೆ ಎಷ್ಟು ದಿನ ಉಪವಾಸ ಮಾಡ್ಲಿ?"

ಕರೆಯೋಲೆ ತೆಗೆದುಕೊಂಡರು. ಅರಿಶಿನ ಕುಂಕುಮ ಕೊಡಲಿಲ್ಲ. ಗೇಟಿನವರೆಗೆ ಬಂದು, "ಅವಳ ವಿಳಾಸ ಹುಡುಕು. ನಾನೇ ಹೋಗ್ಬೇಕು," ಎಂದರು.

ಹುಡುಕಿದೆ. ಸ್ಟೇಷನ್ನಿನಲ್ಲಿ ಅವಳ ಗಂಡನ ಜೊತೆ ಕೆಲಸ ಮಾಡಿದವರೊಬ್ಬರು ಸಿಕ್ಕರು. "ಗಾರ್ಡ್ ಹೆಂಗಸ್ರಾ? ಎರಡು ವರ್ಷ ಆಯ್ತಲ್ಲಮ್ಮ ತೀರ್ಕೊಂಡು," ಎಂದರು. ಹಳೇಬೀಡಿಗೆ ಮತ್ತೆ ಹೋಗುವ ಕಾಲು ನನಗಿರಲಿಲ್ಲ. ಟೀಚರಿಗೆ ಎಲ್ಲ ಹೇಳಿ, ಅವರ ಕೈಯಲ್ಲಿ ಹೇಳಿಕಳಿಸಿದೆ. ಟೀಚರ್ ಅಲ್ಲಿಗೆ ಹೋದರು. ಆಮೇಲೆ ನಮ್ಮ ಮನೆಗೆ ಬರಲಿಲ್ಲ.

ಕಳೆದ ವಾರ ಕೂಸಿಗೆ ಹೆಸರಿಟ್ಟೆವು. ನೆಂಟರು ಹೋದ ಮೇಲೆ ಬಾಟಲಿ ತೆಗೆದೆ. ಮೇಣ ಒಡೆಯುವ ಮೊದಲು ಕಿವಿ ಇಟ್ಟೆ. ಸುಮ್ಮನಿತ್ತು. ಗಂಡನಿಗೆ, ಅಳಿಯನಿಗೆ, ಮಗಳಿಗೆ, ನನಗೆ ಒಂದೊಂದು ಗುಟುಕು ಬಗ್ಗಿಸಿ ಮುಂದಿಟ್ಟೆ. ಲೋಟದಲ್ಲಿ ಏನಿದೆ ಎಂದು ಕುಡಿಯುವವರಿಗೆ ಗೊತ್ತಿರಬೇಕು. ಹೇಳಿದೆ, ಒಂದೂ ಬಿಡದೆ.

ಗಂಡ ನೆಲ ನೋಡಿದರು. ಮಗಳು ಕೇಳಿದಳು: "ನನ್ನ ಸ್ಕೂಲ್ ಲಂಗ ಹೊಲಿದವ್ರಲ್ವಾ ಅಮ್ಮ ಅವರು?"

"ಹೂಂ."

ಅವಳು ಲೋಟವನ್ನು ಮೆಲ್ಲಗೆ ನನ್ನ ಕಡೆ ಸರಿಸಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಳಿಯನೂ ಹಿಂದೆ ಹೋದ. ನಾಲ್ಕು ಲೋಟದ್ದನ್ನೂ ನಾನೇ ಕುಡಿದೆ. ಕೆಟ್ಟಿರಲಿಲ್ಲ. ಎಂಥ ಸಿಹಿ ಎಂದರೆ, ಅವಳಿದ್ದಿದ್ದರೆ ಹುಚ್ಚೆಳ್ಳು ಚಟ್ನಿ ಎಲ್ಲೇ ಎಂದು ಕೇಳುತ್ತಿದ್ದಳು. ಅವತ್ತು ಚಟ್ನಿ ಮಾಡಿರಲಿಲ್ಲ. ಕಹಿಗೆ ಅದು ಬೇಕಾಗಲಿಲ್ಲ.