ರೇವಣ್ಣನ ರೈಟ್

ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ರೇವಣ್ಣನಿಗೆ ಇಂಗ್ಲಿಷು ಬರುವುದಿಲ್ಲ. ಬರುವುದು ಎರಡೇ ಮಾತು, ‘ರೈಟ್’ ಮತ್ತು ‘ಹೋಲ್ಡಾನ್’. ಹೋಲ್ಡಾನ್ ಅಂದರೆ ಬಸ್ಸು ನಿಲ್ಲುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ರೈಟ್ ಹಾಗಲ್ಲ. ಅದು ಬಸ್ಸಿಳಿದು ಅವನ ಜೊತೆ ಮನೆಗೂ ಹೋಗುತ್ತದೆ. ಊಟ ಸಾಕಾದರೆ ರೈಟ್. ಹೆಂಡತಿ ಅನ್ನಪೂರ್ಣ ಸಂತೆಯಿಂದ ಏನೇನು ತರಬೇಕೆಂದು ಹೇಳಿ ಮುಗಿಸಿದರೆ ಅದಕ್ಕೂ ರೈಟ್. ಮಗಳು ಕಾವ್ಯಶ್ರೀ ಚಿಕ್ಕವಳಿದ್ದಾಗ ಮೇಷ್ಟ್ರು ಹಾಕಿದ ಕೆಂಪು ರೈಟ್ ಗುರುತನ್ನು ತಂದು ತೋರಿಸಿದರೆ, “ಹಂಗಾದ್ರೆ ಗಾಡಿ ಮುಂದಕ್ಕೆ ಹೋಗ್ಲಿ” ಎನ್ನುತ್ತಿದ್ದ. ಮುಂದೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದು ಮಾತುಕತೆ ಕುದುರಿದಾಗ, ಇವನು ಒಪ್ಪಿಗೆಯೆಂದು ಗಟ್ಟಿಯಾಗಿ ರೈಟ್ ಅಂದದ್ದೇ ತಡ, ಅವರಲ್ಲೊಬ್ಬ ಹಿರಿಯರು ತಮ್ಮನ್ನು ಹೊರಡಿ ಅಂದರೆಂದು ಎದ್ದು ಚಪ್ಪಲಿ ಮೆಟ್ಟಿಯೇಬಿಟ್ಟರು.

“ದೇವರಿಗೆ ಮಂಗಳಾರತಿ ಆದ್ರೂ ರೈಟ್ ಅಂತೀರಲ್ರಿ, ದೇವರೇನು ನಿಮ್ಮ ಡ್ರೈವರ್ರಾ?” ಎಂದು ಅನ್ನಪೂರ್ಣ ಆಡಿಕೊಳ್ಳುತ್ತಾಳೆ.

ಅವನ ಡ್ರೈವರು ದೇವರಲ್ಲ, ಜಗಳೂರು ಕಡೆಯ ಬೋರಣ್ಣ. ಹೆಂಡತಿ ತೀರಿಕೊಂಡ ಮೇಲೆ ಚನ್ನಗಿರಿಯಲ್ಲಿ ಒಂದು ಕೋಣೆ ಹಿಡಿದುಕೊಂಡು, ಬಸ್ಸೇ ಸಂಸಾರ ಎಂದುಕೊಂಡು ಇದ್ದವನು. ರೇವಣ್ಣ ಬ್ಯಾಗು ಕಂಕುಳಿಗೆ ಹಾಕಿದಂದಿನಿಂದ ಅವನೇ ಡ್ರೈವರು. ಸರ್ಕಾರಿ ಬಸ್ಸಿನವರು ಸೀಟಿ ಊದುತ್ತಾರೆ, ಉಳಿದ ಖಾಸಗಿ ಬಸ್ಸಿನವರು ತಗಡು ಬಡಿಯುತ್ತಾರೆ. ರೇವಣ್ಣ ಎರಡನ್ನೂ ಮಾಡಿದವನಲ್ಲ. ಬಡಿದು ಓಡಿಸೋಕೆ ಬಸ್ಸೇನು ದನವೇ ಎಂದು ಅವನ ಜಂಬ. ಹಿಂದಿನ ಬಾಗಿಲಲ್ಲಿ ನಿಂತು ರೈಟ್ ಅನ್ನುವುದು, ಬಸ್ಸು ಜಗ್ಗೀತೆಂದು ಮೇಲಿನ ಕಂಬಿ ಹಿಡಿಯುವುದು, ಇವೆರಡೂ ಒಟ್ಟಿಗೇ ಆಗುತ್ತಿದ್ದವು. ಎಷ್ಟು ಜನ ಕೂಗಾಡುತ್ತಿದ್ದರೂ ಬೋರಣ್ಣ ಆ ಒಂದು ದನಿಗೆ ಮಾತ್ರ ಗೇರು ಹಾಕುತ್ತಿದ್ದ.

ಆ ಹೆಮ್ಮೆಗೆ ನಲ್ಲೂರಿನಲ್ಲಿ ಪೆಟ್ಟು ಬಿತ್ತು. ರೇವಣ್ಣ ನೀರು ಕುಡಿಯಲು ಅಂಗಡಿಯೊಂದರ ಮುಂದೆ ಇಳಿದಿದ್ದ. ಚೊಂಬು ಬಾಯಿಗೆತ್ತುವಷ್ಟರಲ್ಲಿ ಬಸ್ಸು ಹೊರಟೇಹೋಯಿತು. ಕಂಡಕ್ಟರನನ್ನೇ ಬಿಟ್ಟು ಹೋದ ಬಸ್ಸನ್ನು ನೋಡಿ ಅಂಗಡಿಯ ಗಿಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಯಾರದೋ ಬೈಕಿನ ಹಿಂದೆ ಕೂತು, ಟಿಕೆಟ್ ಬ್ಯಾಗನ್ನು ಎದೆಗವಚಿಕೊಂಡು ರೇವಣ್ಣ ತನ್ನ ಬಸ್ಸನ್ನು ತಾನೇ ಬೆನ್ನಟ್ಟಬೇಕಾಯಿತು. ಹತ್ತಿದಾಗ ಇಡೀ ಬಸ್ಸು ನಗುತ್ತಿತ್ತು.

“ಯಾರಲೇ ರೈಟ್ ಅಂದೋನು?” ಎಂದು ರೇವಣ್ಣ ಗುಡುಗಿದ. ಯಾರೂ ಅನ್ನಲಿಲ್ಲ ಎಂದರು ಜನ. ಅವನು ನಂಬಲಿಲ್ಲ. ಬೋರಣ್ಣ ಮಾತ್ರ ಸ್ಟೇರಿಂಗಿನಿಂದ ಕಣ್ಣು ತೆಗೆಯದೆ, “ಕೇಳಿಸ್ತಪ್ಪ ನನಗೆ. ನೀನೇ ಅಂತ ಮಾಡಿದ್ದೆ” ಎಂದ.

ಅದೇ ನಾಟಿತು. ಜನ ನಕ್ಕದ್ದು ಸಂಜೆಗೆ ಮರೆತುಹೋಗುತ್ತಿತ್ತು. ಇಷ್ಟು ವರ್ಷ ತನ್ನ ದನಿ ಕೇಳಿದವನಿಗೆ ದಾರಿಹೋಕನ ದನಿಗೂ ತನ್ನದಕ್ಕೂ ಫರಕು ಗೊತ್ತಾಗಲಿಲ್ಲವಲ್ಲ, ಅದು ಮರೆಯುವಂಥದ್ದಾಗಿರಲಿಲ್ಲ. ರೇವಣ್ಣ ಅಂದೇ ಮಾತು ಬಿಟ್ಟ. ಇಬ್ಬರೂ ಬೇರೆ ಬೇರೆ ಅಂಗಡಿಯಲ್ಲಿ ಚಹಾ ಕುಡಿಯತೊಡಗಿದರು. ಡೀಸೆಲ್ ಹಾಕಿಸಬೇಕೆಂಬ ಸುದ್ದಿಯೂ ಯಾರಾದರೂ ಪ್ರಯಾಣಿಕರ ಬಾಯಲ್ಲೇ ಹೋಗಬೇಕು. ಅವರಿಬ್ಬರ ನಡುವೆ ಉಳಿದದ್ದು ರೈಟ್, ಹೋಲ್ಡಾನ್ ಎರಡೇ. ಮಾತು ಬಿಟ್ಟರೂ ಬಸ್ಸು ಬಿಡುವ ಹಾಗಿರಲಿಲ್ಲವಲ್ಲ.

ಹೀಗೇ ಎರಡು ವರ್ಷ ಉರುಳಿತು. ಮುನಿಸು ಎನ್ನುವುದು ಹಳೇ ಚಪ್ಪಲಿಯ ಹಾಗೆ, ಕಚ್ಚುವುದು ನಿಂತಮೇಲೆ ಮೆಟ್ಟಿಕೊಂಡದ್ದೇ ಮರೆತುಹೋಗುತ್ತದೆ.

ಕಳೆದ ಸುಗ್ಗಿಯಲ್ಲಿ ಒಂದು ದಿನ ನ್ಯಾಮತಿಗೆ ಇನ್ನೊಂದು ಸ್ಟಾಪು ಇರುವಾಗ ಬಸ್ಸು ನಿಂತಿತು. ಕಾಲಿಡಲು ಜಾಗವಿಲ್ಲದ ರಷ್ಷು. ಕೆಂಪಕ್ಕ ಎಂಬ ಹೆಂಗಸು ಗಂಟು ಹಿಡಿದು ಇಳಿಯುತ್ತಿದ್ದಳು. ಯಾರೋ ನೂಕಿದರೆಂದು ರೇವಣ್ಣ ಮೇಲಿನ ಕಂಬಿ ಹಿಡಿದ. ಬಾಯಿಯಿಂದ ಒಂದಕ್ಷರ ಹೊರಟಿರಲಿಲ್ಲ, ಬಸ್ಸು ಹೊರಟಿತು. ಕೆಂಪಕ್ಕನ ಸೆರಗು ಬಾಗಿಲಿಗೆ ಸಿಕ್ಕಿ ಅವಳು ಬಸ್ಸಿನ ಜೊತೆಯೇ ಓಡತೊಡಗಿದಳು.

“ಹೋಲ್ಡಾನ್! ಹೋಲ್ಡಾನ್!” ರೇವಣ್ಣನ ಗಂಟಲು ಹರಿಯಿತು. ಬಸ್ಸಿಗೆ ಬಸ್ಸೇ ಕೂಗಿತು. ಬಸ್ಸು ನಿಲ್ಲಲಿಲ್ಲ. ಜನ್ಮದಲ್ಲಿ ತಗಡು ಮುಟ್ಟದವನು ಎರಡೂ ಕೈಯಿಂದ ತಗಡು ಗುದ್ದಿದ ಮೇಲೆ ಬ್ರೇಕು ಬಿತ್ತು.

ಕೆಂಪಕ್ಕನ ಸೀರೆ ಹರಿದು ಮಂಡಿ ತರಚಿತ್ತು, ದೇವರು ದೊಡ್ಡವನು, ಅಷ್ಟೇ ಆಗಿತ್ತು. ಅವಳು ಧೂಳು ಕೊಡವಿಕೊಂಡು, “ನಿಮ್ಮಿಬ್ಬರ ಮುನಿಸಿಗೆ ನನ್ನ ಜೀವ ಬೇಕಾಗಿತ್ತೇನ್ರೋ?” ಎಂದು ಉಗಿದಳು.

ರೇವಣ್ಣ ಜನರನ್ನು ಸೀಳಿಕೊಂಡು ಮುಂದೆ ಹೋದ. ಎರಡು ವರ್ಷದ ಬೈಗಳು ನಾಲಗೆ ತುದಿಯಲ್ಲಿದ್ದವು. ಡ್ರೈವರನ ಬೆನ್ನ ಹಿಂದೆ ನಿಂತು, “ಬೋರಣ್ಣ” ಎಂದ. ಆ ತಲೆ ತಿರುಗಲಿಲ್ಲ. ಸೊಕ್ಕು ಎಂದುಕೊಂಡು ಇನ್ನೂ ಗಟ್ಟಿಯಾಗಿ ಕರೆದ. ತಲೆ ತಿರುಗಲಿಲ್ಲ. ಆಗ ನೋಡಿದರೆ, ಬೋರಣ್ಣನ ಕಣ್ಣುಗಳು ಮೇಲಿನ ಕನ್ನಡಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ರೇವಣ್ಣ, “ರೈಟ್” ಅಂದ. ಬಸ್ಸು ಕದಲಲಿಲ್ಲ. ಅನುಮಾನ ಬಂದು, ಬಾಯಿ ಮುಚ್ಚಿಕೊಂಡೇ ಮೆಲ್ಲಗೆ ಕೈಯೆತ್ತಿ ಕಂಬಿ ಹಿಡಿದ. ಕನ್ನಡಿಯಲ್ಲಿ ಖಾಕಿ ತೋಳು ಕಂಡದ್ದೇ ಬೋರಣ್ಣ ಗೇರು ಹಾಕಿದ.

ನ್ಯಾಮತಿ ತಲುಪುವವರೆಗೆ ರೇವಣ್ಣ ಯಾರಿಗೂ ಟಿಕೆಟ್ ಕೊಡಲಿಲ್ಲ, ಹಿಂದಿನ ಬಾಗಿಲಿಗೆ ಮರಳಿದವನು ಅಲ್ಲಿಂದ ಅಲುಗಲಿಲ್ಲ. ನಲ್ಲೂರಿನಲ್ಲಿ ಅಂದು ಖಾಕಿ ಅಂಗಿಯ ಬೇರೆ ಯಾರೋ ಕಂಬಿ ಹಿಡಿದಿರಬೇಕು. ಜನ ನಿಜವನ್ನೇ ಹೇಳಿದ್ದರು, ಯಾರೂ ರೈಟ್ ಅಂದಿರಲಿಲ್ಲ.

ಜನ ಇಳಿದು ಬಸ್ಸು ಖಾಲಿಯಾದ ಮೇಲೆ ಬೋರಣ್ಣನ ಎದುರಿಗೆ, ಎಂಜಿನ್ ಬಾನೆಟ್ಟಿನ ಮೇಲೆ ಕೂತ. ತನ್ನ ಕಿವಿ ಮುಟ್ಟಿ, “ಯಾವಾಗಿಂದ?” ಎಂದು ಬಿಡಿಸಿ ಕೇಳಿದ.

ಬೋರಣ್ಣ ಅವನ ತುಟಿಯನ್ನೇ ನೋಡಿದ. “ನಲ್ಲೂರಿಗಿಂತ ಮುಂಚೇನೇ ಶುರುವಾಗಿತ್ತು. ನಿಲ್ಲೋ ಸ್ಟಾಪೆಲ್ಲ ಹೆಂಗೂ ಗೊತ್ತಿದ್ವು, ಹೊರಡಾಕೆ ಕನ್ನಡಿ ನೋಡ್ತಿದ್ದೆ” ಎಂದ.

“ನನಗಾದ್ರೂ ಹೇಳಬಾರದಾಗಿತ್ತಾ?”

“ಹೇಳಿದ್ರೆ ಸ್ಟೇರಿಂಗ್ ಬಿಡಿಸ್ತಿದ್ರು. ಬಿಟ್ಟು ಏನು ಮಾಡಾಕೆ? ನೀನು ಮಾತು ಬಿಟ್ಟಿದ್ದೇ ಒಳ್ಳೇದಾತು ರೇವಣ್ಣ. ಮಾತೇ ಇಲ್ದಿದ್ರೆ ಕೇಳಿಸಲಿಲ್ಲ ಅಂತ ಯಾರಿಗೆ ಗೊತ್ತಾಗ್ತೈತೆ?”

ಎರಡು ವರ್ಷ ಶಿಕ್ಷೆ ಕೊಡುತ್ತಿದ್ದೇನೆ ಎಂದುಕೊಂಡಿದ್ದ ರೇವಣ್ಣ ಒಬ್ಬನ ಕಿವುಡಿಗೆ ಮುಸುಕು ಹೊದಿಸಿಕೊಂಡು ಬಂದಿದ್ದ.

ಬೋರಣ್ಣ ಅವನ ಕೈ ಹಿಡಿದುಕೊಂಡ. “ಈಗ ನಿನಗೆ ಗೊತ್ತಾತಲ್ಲ, ಇನ್ನೇನು ಭಯ? ನೀನು ನೋಡ್ಕಂಡು ಕಂಬಿ ಹಿಡಿ, ನಾನು ನೋಡ್ಕಂಡು ಬಿಡ್ತೀನಿ. ಇನ್ನೊಂದು ವರ್ಷ ಹೆಂಗೋ ಹೋಗ್ತೈತೆ.”

ಹೋಗುತ್ತಿತ್ತೋ ಏನೋ. ರೇವಣ್ಣನ ನಾಲಗೆ ಅಭ್ಯಾಸಬಲದಿಂದ ರೈಟ್ ಅನ್ನಲು ತಯಾರಾಗಿಯೇ ಇತ್ತು. ಬಾಗಿಲಿಗೆ ಸಿಕ್ಕಿಕೊಂಡಿದ್ದ ಸೆರಗಿನ ಚೂರು ಅವನ ಜೇಬಿನಲ್ಲಿತ್ತು. ಅದನ್ನು ತೆಗೆದು ಬೋರಣ್ಣನ ಅಂಗೈಯಲ್ಲಿಟ್ಟ. ಬೋರಣ್ಣ ಅದನ್ನು ನೋಡಿ, ಕೀಲಿ ಕಿತ್ತು ಬಾನೆಟ್ಟಿನ ಮೇಲೆ ಹಾಕಿ ಇಳಿದುಹೋದ. ಮಾಲೀಕ ರವಿಕುಮಾರನಿಗೆ ಫೋನ್ ಮಾಡಿದವನು ರೇವಣ್ಣನೇ. ಮರುದಿನ ಶರಣು ಎಂಬ ಹೊಸ ಡ್ರೈವರು ಬಂದ.

ಈಗ ಮಾತು ಬಿಡುವ ಸರದಿ ಬೋರಣ್ಣನದು. ಜಗಳೂರಿನ ತಂಗಿಯ ಮನೆಗೆ ಹೋಗಿ ಇರುತ್ತಾನೆಂಬ ಸುದ್ದಿಯೂ ಬೇರೆಯವರ ಬಾಯಲ್ಲೇ ಬಂತು. ಅವನು ಹೊರಟ ದಿನ, ದಾವಣಗೆರೆಗೆ ನೇರ ಬಸ್ಸಿದ್ದರೂ, ರೇವಣ್ಣನ ಬಸ್ಸಿನಲ್ಲೇ ಹೊನ್ನಾಳಿಗೆ ಬಂದ, ಪ್ರಯಾಣಿಕನಾಗಿ, ಮುಖ ಕಿಟಕಿಗೆ ಹಾಕಿಕೊಂಡು. ಸ್ಟ್ಯಾಂಡಿನಲ್ಲಿ ರೇವಣ್ಣ ಅವನ ಪೆಟ್ಟಿಗೆಯನ್ನು ತಾನೇ ಎತ್ತಿ ದಾವಣಗೆರೆ ಬಸ್ಸಿಗೆ ಹಾಕಿ, ಕಿಟಕಿಯ ಕೆಳಗೆ ಬಂದು ನಿಂತ.

ಆ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತು ಇವನ ಗುರುತು ಹಿಡಿದ. “ಏನ್ ರೇವಣ್ಣ, ನಮ್ ಗಾಡಿಗೂ ನೀನೇ ರೈಟ್ ಹೇಳಬೇಕಾ? ಹೇಳು ಅತ್ಲಾಗೆ, ಟೈಮಾತು.”

ರೇವಣ್ಣ ಬಾಯಿ ತೆರೆದ. ಬೋರಣ್ಣ ಕಿಟಕಿಯಿಂದ ಬಗ್ಗಿ ಅವನ ತುಟಿಯನ್ನೇ ನೋಡುತ್ತಿದ್ದ. ಅಷ್ಟೂ ವರ್ಷ ಬೆನ್ನ ಹಿಂದಿನಿಂದ ಬಂದ ಮಾತು ಅದು, ಅದನ್ನು ಹೇಳುವ ಮುಖವನ್ನು ಬೋರಣ್ಣ ಒಮ್ಮೆಯೂ ನೋಡಿರಲಿಲ್ಲ. ರೇವಣ್ಣ ದನಿಯಿಲ್ಲದೆಯೇ, ತುಟಿ ಬಿಡಿಸಿ ಬಿಡಿಸಿ ಆ ಮಾತು ಹೇಳಿದ.

“ಕೇಳಿಸ್ತು” ಎಂದ ಬೋರಣ್ಣ.