ನಿದ್ದೆ ಬೇಡದ ಸ್ಕ್ಯಾನ್

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡೋದು ನನ್ನ ಕೆಲಸ. ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇರುವ ಮಕ್ಕಳಿಗೆ, ಆಡಿಕೊಂಡು ಚೆನ್ನಾಗಿದ್ದರೂ, ವರ್ಷಕ್ಕೊಮ್ಮೆ ತಲೆಯ ಸ್ಕ್ಯಾನ್ ಆಗಬೇಕು. ಮಿದುಳಿಗೆ ರಕ್ತ ಹರಿಯುವ ವೇಗ ನೋಡಿದರೆ ಪಾರ್ಶ್ವವಾಯುವಿನ ಅಪಾಯ ಮೊದಲೇ ಗೊತ್ತಾಗುತ್ತದೆ, ತಡೆಯಲೂಬಹುದು.

ಅವತ್ತು ದಾಸರಹಳ್ಳಿಯಿಂದ ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಹುಡುಗ ಗಾಢ ನಿದ್ದೆಯಲ್ಲಿದ್ದ.

"ರಾತ್ರಿಯೆಲ್ಲಾ ಇವನ್ನ ಮಲಗಕ್ಕೆ ಬಿಡ್ಲಿಲ್ಲ ಮೇಡಂ. ಬಸ್ಸಲ್ಲಿ ಕೂತಿದ್ದೇ ತಡ, ಮಲ್ಕೊಂಡ," ಅಂದರು. ಮುಖದಲ್ಲಿ ಗೆದ್ದ ಕಳೆ.

ಬೇರೆ ಸ್ಕ್ಯಾನ್‌ಗಳಿಗೆ ಚಿಕ್ಕ ಮಕ್ಕಳು ಅಲುಗಾಡದಿರಲಿ ಅಂತ ಮಲಗಿಸಿಕೊಂಡು ಬರೋಕೆ ಹೇಳುತ್ತೇವೆ. ಇದೊಂದಕ್ಕೆ ಮಾತ್ರ ಮಗು ಎಚ್ಚರವಾಗಿರಬೇಕು. ನಿದ್ದೆಯಲ್ಲಿ ರಕ್ತದ ವೇಗವೇ ಬದಲಾಗಿ ಲೆಕ್ಕ ತಪ್ಪುತ್ತದೆ.

"ಎಬ್ಬಿಸ್ಬೇಕಲ್ಲಮ್ಮ."

"ಎಬ್ಬಿಸೋದಾ? ಫೋನಲ್ಲಿ ನಿಮ್ಮವರೇ ಮಲಗಿಸ್ಕೊಂಡು ಬನ್ನಿ ಅಂದ್ರಲ್ಲ."

"ಅಂದಿರ್ತಾರೆ. ಯಾವ ಸ್ಕ್ಯಾನ್ ಅಂತ ಕೇಳದೆ ಎಲ್ಲರಿಗೂ ಹಂಗೇ ಹೇಳ್ಬಿಡ್ತಾರೆ."

ಈ ಮಕ್ಕಳಿಗೆ ತಣ್ಣೀರು ಆಗಿಬರಲ್ಲ ಅಂತ ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮುಖ ಒರೆಸಿ ಎಬ್ಬಿಸಿದೆವು. ಅತ್ತರೂ ಲೆಕ್ಕ ತಪ್ಪುತ್ತದೆ, ಅದಕ್ಕೆ ಅಳು ನಿಲ್ಲುವವರೆಗೂ ಕಾದೆವು. ಆಮೇಲೆ ಹುಡುಗ ನನ್ನ ಮೊಬೈಲಲ್ಲಿ ಕಾರ್ಟೂನ್ ನೋಡುತ್ತ ಸುಮ್ಮನಿದ್ದ, ಸ್ಕ್ಯಾನ್ ಮುಗಿಸಿದೆ. ರಕ್ತದ ವೇಗ ಸರಿಯಾಗಿತ್ತು. ಈ ವರ್ಷಕ್ಕೆ ಭಯವಿಲ್ಲ ಅಂತ ಹೇಳೋಕೆ ತಿರುಗಿದರೆ, ತಾಯಿ ಸ್ಟೂಲಿನ ಮೇಲೇ ಗೋಡೆಗೊರಗಿ ನಿದ್ದೆ ಹೋಗಿದ್ದರು.

"ಅಮ್ಮನ್ನ ಎಬ್ಬಿಸ್ಬೇಡಿ," ಅಂದ ಹುಡುಗ.

ಎಬ್ಬಿಸಲಿಲ್ಲ. ಬಾಗಿಲು ತೆಗೆದು, ಅದೇ ಸ್ಕ್ಯಾನ್‌ಗೆ ಬಂದಿದ್ದ ಮುಂದಿನ ಮಗುವನ್ನು ಕರೆದೆ. ಅದೂ ಅಪ್ಪನ ಹೆಗಲ ಮೇಲೆ ಸೊಗಸಾಗಿ ಮಲಗಿತ್ತು.